ಹಲ್ಲಿನೊಳಗಿನ ಬೆಸುಗೆ

ನಮ್ಮ ಶರೀರದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಯಾವುದೆಂದು ಕೇಳಿದರೆ ಬಹುಮಂದಿ ‘ಎಲುಬು’ ಎಂದು ಉತ್ತರ ಕೊಡುವರು. ನಿಜವಾಗಿ ಆ ಹಿರಿಮೆಯು ಹಲ್ಲಿನ ಹೊರಮೈಯನ್ನು ಮುಚ್ಚಿರುವ ಎನಾಮಲ್ ಎಂಬ ಹೊಳೆಯುವ ಹೊದಿಕೆಗೆ ಸಲ್ಲುತ್ತದೆ. ಆದರೆ ಇಷ್ಟು ಗಟ್ಟಿಯಾದ ಈ ಹಲ್ಲಿಗೆ ಒಂದು ದೊಡ್ಡ ಕೊರತೆಯುಂಟು. ಮುರಿದ ಎಲುಬು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಗಾಯಗೊಂಡ ಚರ್ಮವು ಮಾಯುತ್ತದೆ. ಹಲ್ಲಿನಲ್ಲಿ ಒಮ್ಮೆ ಬಿದ್ದ ಕುಳಿಯು ಮಾತ್ರ ತಾನಾಗಿಯೇ ತುಂಬಿಕೊಳ್ಳಲಾರದು. ಅದನ್ನು ವೈದ್ಯನ ಕೈಯೇ ತುಂಬಬೇಕು.

ತುಂಬುವ ಕೆಲಸಕ್ಕಿಂತ ತುಂಬಿದ್ದು ನಿಲ್ಲುವಂತೆ ಮಾಡುವ ಕೆಲಸ ಕಠಿನವಾದುದು. ಬಾಯಿಯಂತಹ ತೊಂದರೆಯ ಸ್ಥಳ ಬೇರೊಂದಿಲ್ಲ. ಅಲ್ಲಿ ಹಗಲಿರುಳೂ ನೀರು. ಬಿಸಿ ಚಹಾದ ಹಿಂದೆಯೇ ತಣ್ಣನೆಯ ನೀರು. ದಿನಕ್ಕೆ ಸಾವಿರಾರು ಸಲ ಜಗಿತದ ಒತ್ತಡ. ಮೇಲೆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಉಗುಳುವ ಆಮ್ಲ. ಸುಮಾರು ಆರನೆಯ ವಯಸ್ಸಿನಲ್ಲಿ ನಮಗೆ ಮೊದಲನೆಯ ಶಾಶ್ವತ ದವಡೆಹಲ್ಲು ಮೂಡುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಹುಳುಕಿಗೆ ತುತ್ತಾಗುವುದೂ ಅದೇ. ಅದು ಎಪ್ಪತ್ತನೆಯ ವಯಸ್ಸಿನವರೆಗೂ ಜೊತೆಗಿರಬೇಕಾದರೆ, ಹತ್ತನೆಯ ವಯಸ್ಸಿನಲ್ಲಿ ಅದಕ್ಕೆ ಹಾಕಿದ ತೇಪೆಯು ಎಷ್ಟು ವರ್ಷ ಬಾಳಬೇಕೆಂಬುದನ್ನು ನಮ್ಮ ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ.

ತೇಪೆಯ ಅಂಚು ಬಿಟ್ಟುಕೊಂಡರೆ ಕೂದಲಿಗಿಂತ ಕಿರಿದಾದ ಸಂದಿಯೊಂದು ಉಂಟಾಗುತ್ತದೆ. ಅದರೊಳಕ್ಕೆ ಉಗುಳು, ಸೂಕ್ಷ್ಮಜೀವಿಗಳು ನುಸುಳುತ್ತವೆ. ಒಳಗೆ ಕಣ್ಣಿಗೆ ಕಾಣದಂತೆ ಹೊಸ ಹುಳುಕು ಹುಟ್ಟುತ್ತದೆ. ಆಗ ಹಳೆಯ ತೇಪೆಯನ್ನು ಕೆತ್ತಿ ತೆಗೆದು ಹಿಂದಿನದಕ್ಕಿಂತ ದೊಡ್ಡ ತೇಪೆಯನ್ನು ಹಾಕಬೇಕಾಗುತ್ತದೆ. ಹೀಗೆ ಎರಡು ಮೂರು ಸಲ ನಡೆದರೆ ಹಲ್ಲಿನ ಗೋಡೆ ತೆಳುವಾಗಿ, ಹುಳುಕು ತಿರುಳನ್ನು ತಲಪಿ, ಕೊನೆಗೆ ಹಲ್ಲನ್ನೇ ಕೀಳಿಸುವ ಪ್ರಸಂಗ ಬರುತ್ತದೆ. ಆದುದರಿಂದ ಹಲ್ಲಿಗೂ ತೇಪೆಗೂ ನಡುವಿನ ಬೆಸುಗೆಯು ಗಟ್ಟಿಯಾಗಿರಬೇಕು. ಗಟ್ಟಿಯಾಗಿದ್ದರೆ ಸಾಲದು, ಬಹುಕಾಲ ಬಾಳಬೇಕು. ಈ ಎರಡು ಗುಣಗಳನ್ನು ಸಾಧಿಸಲು ವಿಜ್ಞಾನಿಗಳು ನಡೆಸಿದ ಪ್ರಯತ್ನವನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಅಂಟಿಲ್ಲದ ತೇಪೆ

ಬಹುಕಾಲದವರೆಗೆ ದಂತವೈದ್ಯರು ಹಲ್ಲಿನ ಕುಳಿಗೆ ತುಂಬುತ್ತಿದ್ದುದು ಅಮಾಲ್ಗಮ್ ಎಂಬ ಮಿಶ್ರಲೋಹವನ್ನು. ಬೆಳ್ಳಿ, ತವರ, ತಾಮ್ರಗಳ ಪುಡಿಯನ್ನು ಪಾದರಸದೊಡನೆ ಕಲಸಿದರೆ ಅದು ಕೆಲಹೊತ್ತು ಮೆತ್ತಗಿದ್ದು ಬಳಿಕ ಗಟ್ಟಿಯಾಗುತ್ತದೆ. ಅದು ಬಲವಾದ ವಸ್ತುವೇ ಸರಿ. ಆದರೆ ಹಲ್ಲಿಗೆ ಅಂಟುವ ಗುಣ ಅದಕ್ಕಿಲ್ಲ. ಆದಕಾರಣ ವೈದ್ಯರು ಕುಳಿಯನ್ನು ಗಡಿಗೆಯಂತೆ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಕೊರೆಯಬೇಕಾಗಿತ್ತು. ಹಾಗೆ ಕೊರೆಯುವಾಗ ಹುಳುಕಿನ ಜೊತೆಗೆ ಆರೋಗ್ಯವಾದ ಹಲ್ಲಿನ ಭಾಗವೂ ಹೋಗುತ್ತಿತ್ತು. ಅಂಟುವ ತೇಪೆಯಿದ್ದರೆ ಹುಳುಕಿದಷ್ಟನ್ನು ಮಾತ್ರ ತೆಗೆದರೆ ಸಾಕು.

ಇದಕ್ಕೆ ಈಚೆಗೆ ಇನ್ನೊಂದು ಕಾರಣವೂ ಸೇರಿದೆ. ಪಾದರಸದಿಂದ ಪರಿಸರಕ್ಕೆ ಆಗುವ ಕೇಡನ್ನು ತಡೆಯಲು ೨೦೧೩ರಲ್ಲಿ ಮಿನಮಾಟಾ ಒಪ್ಪಂದವು ಆಯಿತು. ಭಾರತವು ೨೦೧೮ರಲ್ಲಿ ಅದನ್ನು ಅನುಮೋದಿಸಿತು. ಅಮಾಲ್ಗಮ್ಮಿನ ಬಳಕೆಯನ್ನು ಕ್ರಮವಾಗಿ ತಗ್ಗಿಸುವುದು ಆ ಒಪ್ಪಂದದ ಒಂದು ಅಂಶ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ೨೦೨೫ರ ಜನವರಿಯಿಂದ, ವಿಶೇಷ ವೈದ್ಯಕೀಯ ಅಗತ್ಯವಿದ್ದ ಹೊರತು, ಅದರ ಬಳಕೆ ನಿಂತಿದೆ. ಅದರ ಸ್ಥಾನಕ್ಕೆ ಹೆಚ್ಚಾಗಿ ಬರುತ್ತಿರುವುದು ಹಲ್ಲಿನ ಬಣ್ಣದ ಕಾಂಪೊಜಿಟ್ ಎಂಬ ವಸ್ತು. ಇದು ರಾಳದಂತಹ ಪ್ಲಾಸ್ಟಿಕ್ ದ್ರವದಲ್ಲಿ ನುಣ್ಣನೆಯ ಗಾಜಿನ ಪುಡಿಯನ್ನು ಕಲಸಿ ಮಾಡಿದುದು. ಇದು ತಾನಾಗಿ ಹಲ್ಲಿಗೆ ಅಂಟದು. ನಡುವೆ ಒಂದು ಅಂಟು ಬೇಕೇ ಬೇಕು. ತೇಪೆಯ ಆಯುಸ್ಸೆಲ್ಲ ಆ ತೆಳುವಾದ ಅಂಟನ್ನು ಅವಲಂಬಿಸಿದೆ.

ಅಂಟುವುದರ ಮೂರು ನಿಯಮಗಳು

ನಮ್ಮ ಮುಂಬಯಿಯ ಬೀದಿಯ ಬದಿಯಲ್ಲಿ ಸೈಕಲ್ಲಿನ ಪಂಕ್ಚರ್ ಹಾಕುವವನನ್ನು ನೀವೆಲ್ಲರೂ ನೋಡಿರುವಿರಿ. ಅವನು ಮೊದಲು ಟ್ಯೂಬನ್ನು ಒರಸಿ, ಉಜ್ಜುಕಾಗದದಿಂದ ತಿಕ್ಕಿ ಒರಟು ಮಾಡುತ್ತಾನೆ. ಬಳಿಕ ಸೊಲ್ಯೂಷನ್ನನ್ನು ತೆಳ್ಳಗೆ ಎಲ್ಲೆಡೆಗೂ ಹರಡುತ್ತಾನೆ. ಆಮೇಲೆ ತೇಪೆಯನ್ನು ಒಡನೆಯೇ ಹಚ್ಚದೆ, ಸೊಲ್ಯೂಷನ್ನಿನೊಳಗಿನ ದ್ರವವು ಆರುವವರೆಗೆ ಕಾಯುತ್ತಾನೆ. ಅವಸರಪಟ್ಟು ಹಚ್ಚಿದ ತೇಪೆ ಮರುದಿನವೇ ಏಳುವುದೆಂದು ಅವನಿಗೆ ಅನುಭವದಿಂದ ಗೊತ್ತು.

ಅಂಟುವ ಶಾಸ್ತ್ರದ ಮೂರು ಮುಖ್ಯ ನಿಯಮಗಳು ಇದರಲ್ಲಿ ಅಡಗಿವೆ. ಮೈಯು ಶುಚಿಯಾಗಿ, ಸೂಕ್ಷ್ಮವಾಗಿ ಒರಟಾಗಿರಬೇಕು. ಅಂಟು ನೀರಾಗಿ ಹರಿದು ಪ್ರತಿಯೊಂದು ಸಂದಿಯನ್ನೂ ತೋಯಿಸಬೇಕು. ಅಂಟನ್ನು ಹೊತ್ತು ತಂದ ದ್ರವವು ಆರಿಹೋಗಿ, ಅಂಟು ಪೂರ್ಣವಾಗಿ ಗಟ್ಟಿಯಾಗಬೇಕು. ಹಲ್ಲಿನ ಅಂಟಿಗೂ ಈ ಮೂರು ನಿಯಮಗಳೇ ಆಧಾರ. ಮುಂದೆ ಹೇಳುವ ಕಷ್ಟಗಳೆಲ್ಲವೂ ಇವುಗಳಲ್ಲಿ ಯಾವುದಾದರೊಂದು ತಪ್ಪಿದ್ದರಿಂದ ಹುಟ್ಟಿದವುಗಳೇ.

ಎನಾಮಲ್ ಕಲಿಸಿದ ಪಾಠ

ಮೊದಲನೆಯ ದೊಡ್ಡ ಜಯವು ಎನಾಮಲಿನ ಮೇಲೆ ದೊರೆಯಿತು. ಅಮೇರಿಕಾದ ರಾಚೆಸ್ಟರ್ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದ ಮೈಕೆಲ್ ಬ್ಯೂನೊಕೋರ್ ಎಂಬವರು ಕಾರ್ಖಾನೆಗಳ ಒಂದು ರೂಢಿಯನ್ನು ಗಮನಿಸಿದರು. ಅಲ್ಲಿ ಲೋಹದ ತಗಡಿಗೆ ಬಣ್ಣ ಹಚ್ಚುವ ಮುನ್ನ ಫಾಸ್ಫಾರಿಕ್ ಆಮ್ಲದಿಂದ ಅದನ್ನು ತೊಳೆಯುತ್ತಿದ್ದರು. ಹಾಗೆ ಮಾಡಿದರೆ ಬಣ್ಣವು ಚೆನ್ನಾಗಿ ಹಿಡಿಯುತ್ತಿತ್ತು. ಇದೇ ಉಪಾಯವು ಹಲ್ಲಿಗೇಕೆ ಆಗದು ಎಂದು ಯೋಚಿಸಿ, ಅವರು ಎನಾಮಲಿಗೆ ೮೫ ಪ್ರತಿಶತ ಫಾಸ್ಫಾರಿಕ್ ಆಮ್ಲವನ್ನು ೩೦ ಸೆಕೆಂಡುಗಳ ಕಾಲ ಸವರಿ, ತೊಳೆದು, ಅದರ ಮೇಲೆ ಪ್ಲಾಸ್ಟಿಕ್ಕಿನ ಹನಿಯನ್ನು ಗಟ್ಟಿಗೊಳಿಸಿದರು. ಆಮ್ಲ ಸೋಕದ ಹಲ್ಲಿನ ಮೇಲಿನದಕ್ಕಿಂತ ಆಮ್ಲ ಸೋಕಿದ ಹಲ್ಲಿನ ಮೇಲಿನ ಪ್ಲಾಸ್ಟಿಕ್ಕು ಎಷ್ಟೋ ಪಟ್ಟು ಹೆಚ್ಚು ಕಾಲ ನಿಂತಿತು. ಈ ಸಂಗತಿಯನ್ನು ಅವರು ೧೯೫೫ರಲ್ಲಿ ಪ್ರಕಟಿಸಿದರು.

ಎನಾಮಲ್ ತೂಕದಲ್ಲಿ ಸುಮಾರು ೯೬ ಪ್ರತಿಶತ ಖನಿಜವೇ ಆಗಿದೆ. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳ ಹರಳುಗಳು ಅದರಲ್ಲಿ ಒತ್ತಾಗಿ ನಿಂತಿವೆ. ಆಮ್ಲವು ಹರಳುಗಳನ್ನು ಅಲ್ಲಲ್ಲಿ ಕರಗಿಸಿ ಕಣ್ಣಿಗೆ ಕಾಣದ ತೂತುಗಳನ್ನು ಮಾಡುತ್ತದೆ. ಆ ತೂತುಗಳಲ್ಲಿ ದ್ರವರೂಪದ ರಾಳವು ಇಳಿದು ಗಟ್ಟಿಯಾದಾಗ ಸಾವಿರಾರು ಸಣ್ಣ ಬೇರುಗಳು ಹಲ್ಲಿನೊಳಗೆ ಊರಿದಂತಾಗುತ್ತದೆ. ಎನಾಮಲ್ ಒಣಗಿಸಿದರೆ ಒಣಗುವ ವಸ್ತುವಾದುದರಿಂದ ಈ ಉಪಾಯವು ಅಲ್ಲಿ ಸರಾಗವಾಗಿ ಫಲಿಸಿತು. ಇಂದಿಗೂ ೩೫ರಿಂದ ೩೭ ಪ್ರತಿಶತದ ಫಾಸ್ಫಾರಿಕ್ ಆಮ್ಲದಿಂದ ವೈದ್ಯರು ಇದೇ ಕೆಲಸವನ್ನು ಮಾಡುತ್ತಾರೆ.

ಡೆಂಟಿನ್ನಿನ ತೊಡಕು

ಆದರೆ ಹುಳುಕು ಎನಾಮಲಿನಲ್ಲಿಯೇ ನಿಲ್ಲುವುದಿಲ್ಲ. ಅದರ ಕೆಳಗೆ ಹಲ್ಲಿನ ಬಹುಭಾಗವನ್ನು ವ್ಯಾಪಿಸಿರುವ, ತುಸು ಹಳದಿ ಛಾಯೆಯ ಡೆಂಟಿನ್ ಎಂಬ ಪದರವಿದೆ. ಕುಳಿಯ ತಳವೂ ಗೋಡೆಗಳೂ ಹೆಚ್ಚಾಗಿ ಡೆಂಟಿನ್ನಿನವೇ. ಡೆಂಟಿನ್ನಿನ ತೂಕದಲ್ಲಿ ಸುಮಾರು ೭೦ ಪ್ರತಿಶತ ಖನಿಜ, ೨೦ ಪ್ರತಿಶತ ಕೊಲಾಜನ್ ಮೊದಲಾದ ಸಾವಯವ ವಸ್ತು, ೧೦ ಪ್ರತಿಶತ ನೀರು ಇವೆ. ಕೊಲಾಜನ್ ಎಂದರೆ ನಮ್ಮ ಚರ್ಮ, ಎಲುಬುಗಳಲ್ಲಿಯೂ ಇರುವ ನಾರಿನಂತಹ ಪ್ರೋಟೀನು.

ಅಷ್ಟೇ ಅಲ್ಲ, ಡೆಂಟಿನ್ನಿನ ಉದ್ದಕ್ಕೂ ಅತಿ ಸಣ್ಣ ನಳಿಕೆಗಳು ತಿರುಳಿನಿಂದ ಹೊರಟು ಎನಾಮಲಿನ ಕಡೆಗೆ ಹಾಯುತ್ತವೆ. ಎನಾಮಲಿನ ಸಮೀಪದಲ್ಲಿ ಒಂದು ಚದರ ಮಿಲಿಮೀಟರಿನಲ್ಲಿ ಇಂತಹ ನಳಿಕೆಗಳು ಸುಮಾರು ೨೦,೦೦೦. ತಿರುಳಿನ ಸಮೀಪದಲ್ಲಿ ಸುಮಾರು ೪೫,೦೦೦. ಅಲ್ಲಿ ಅವುಗಳ ಅಗಲವೂ ಹೆಚ್ಚು. ಸುಮಾರು ಎರಡೂವರೆ ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈ ನಳಿಕೆಗಳಲ್ಲಿ ತುಂಬಿರುವ ದ್ರವವು ಒಳಗಿನಿಂದ ಹೊರಕ್ಕೆ ಮೆಲ್ಲನೆ ಒತ್ತುತ್ತಲೇ ಇರುತ್ತದೆ. ಕುಳಿಯು ಆಳವಾದಷ್ಟೂ ತೇವವು ಹೆಚ್ಚು. ತೇವವು ಹೆಚ್ಚಿದಷ್ಟೂ ಅಂಟಿಗೆ ಕಷ್ಟ.

ಮೂರನೆಯ ತೊಡಕನ್ನು ವೈದ್ಯನ ಯಂತ್ರವೇ ತಂದೊಡ್ಡುತ್ತದೆ. ಕೊರೆಯುವಾಗ ಎದ್ದ ಪುಡಿಯು ನೀರು ಮತ್ತು ಕೊಲಾಜನ್ನಿನ ಚೂರುಗಳೊಡನೆ ಸೇರಿ, ಒಂದೆರಡು ಮೈಕ್ರಾನ್ ದಪ್ಪದ ಮಡ್ಡಿಯಾಗಿ ಡೆಂಟಿನ್ನಿನ ಮೇಲೆ ಮೆತ್ತಿಕೊಳ್ಳುತ್ತದೆ. ಧೂಳು ಕುಳಿತ ಗೋಡೆಗೆ ಕಾಗದ ಅಂಟಿಸಿದರೆ ಕಾಗದವು ಧೂಳಿಗೆ ಅಂಟುತ್ತದೆಯೇ ಹೊರತು ಗೋಡೆಗಲ್ಲ. ಮಡ್ಡಿಯ ಮೇಲೆ ಹಚ್ಚಿದ ಅಂಟಿನ ಗತಿಯೂ ಅದೇ.

ಡೆಂಟಿನ್ನಿಗೆ ಅಂಟಿಸುವ ಯತ್ನವು ಬ್ಯೂನೊಕೋರರಿಗಿಂತ ಮುಂಚೆಯೇ ಮೊದಲಾಗಿತ್ತು. ೧೯೪೯ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರಾದ ಆಸ್ಕರ್ ಹಾಗರ್ ಎಂಬವರು ಆಮ್ಲಗುಣವುಳ್ಳ ಒಂದು ರಾಳವನ್ನು ಇದಕ್ಕಾಗಿ ಸಿದ್ಧಪಡಿಸಿದ್ದರು. ೧೯೫೬ರಲ್ಲಿ ಬ್ಯೂನೊಕೋರರೂ ಸಂಗಡಿಗರೂ ಅಂತಹದೇ ರಾಳವನ್ನು ಆಮ್ಲದಿಂದ ತೊಳೆದ ಡೆಂಟಿನ್ನಿನ ಮೇಲೆ ಪರೀಕ್ಷಿಸಿದರು. ಆ ಕಾಲದ ಬೆಸುಗೆಗಳ ಬಲವು ೨ರಿಂದ ೩ ಮೆಗಾಪಾಸ್ಕಲ್ ಮಾತ್ರ. ಎಂದರೆ ಒಂದು ಚದರ ಮಿಲಿಮೀಟರು ಬೆಸುಗೆಯು ೨೦೦ರಿಂದ ೩೦೦ ಗ್ರಾಂ ತೂಕವನ್ನು ಹೊರುವುದರೊಳಗೆ ಬಿಟ್ಟುಕೊಳ್ಳುತ್ತಿತ್ತು. ನೀರಿನಲ್ಲಿಟ್ಟಾಗ ಆ ಬಲವೂ ಬಹಳ ಕುಗ್ಗುತ್ತಿತ್ತು. ಬಲ ಮತ್ತು ಬಾಳಿಕೆ ಎಂಬ ಎರಡು ಪ್ರಶ್ನೆಗಳೂ ಹೀಗೆ ಆರಂಭದಲ್ಲಿಯೇ ಎದುರಾದವು.

ಮಿಶ್ರ ಪದರ

ಬಲದ ಪ್ರಶ್ನೆಗೆ ಉತ್ತರವು ಜಪಾನಿನಿಂದ ಬಂದಿತು. ಟೋಕಿಯೋದ ತಕಾವೊ ಫುಸಾಯಾಮಾ ಅವರು ೧೯೭೯ರಲ್ಲಿ ಎನಾಮಲಿನಂತೆ ಡೆಂಟಿನ್ನಿಗೂ ಫಾಸ್ಫಾರಿಕ್ ಆಮ್ಲವನ್ನು ಸವರಬಹುದೆಂದು ತೋರಿಸಿದರು. ಆಮ್ಲವು ಹಲ್ಲಿನ ತಿರುಳಿಗೆ ಅಪಾಯ ತಂದೀತೆಂದು ಯುರೋಪ್ ಮತ್ತು ಅಮೇರಿಕಾಗಳ ವೈದ್ಯರು ಬಹುಕಾಲ ಅದನ್ನು ಒಪ್ಪಲಿಲ್ಲ. ತಿರುಳಿಗೆ ನಿಜವಾದ ಶತ್ರುವೆಂದರೆ ಸಂದಿಯಿಂದ ನುಸುಳುವ ಸೂಕ್ಷ್ಮಜೀವಿಗಳು ಎಂಬುದು ಬರಬರುತ್ತ ಸ್ಪಷ್ಟವಾಯಿತು.

೧೯೮೨ರಲ್ಲಿ ಟೋಕಿಯೋದವರೇ ಆದ ನೊಬುವೊ ನಕಬಯಾಶಿ ಮತ್ತು ಅವರ ಸಂಗಡಿಗರು ಈ ಬೆಸುಗೆಯ ರಹಸ್ಯವನ್ನು ಕಂಡುಹಿಡಿದರು. ಅದನ್ನು ತಿಳಿಯಲು ಸಿಮೆಂಟ್ ಕಾಂಕ್ರೀಟಿನ ಕಟ್ಟಡವನ್ನು ಮನಸ್ಸಿಗೆ ತಂದುಕೊಳ್ಳೋಣ. ಅದರೊಳಗೆ ಕಬ್ಬಿಣದ ಸರಳುಗಳ ಜಾಲ, ಸುತ್ತಲೂ ಕಾಂಕ್ರೀಟು. ಡೆಂಟಿನ್ನಿನಲ್ಲಿ ಕೊಲಾಜನ್ ನಾರುಗಳೇ ಸರಳುಗಳು, ಖನಿಜವೇ ಕಾಂಕ್ರೀಟು. ಆಮ್ಲವನ್ನು ಸವರಿದಾಗ ಮೇಲಿನ ಮಡ್ಡಿ ತೊಳೆದುಹೋಗುವುದಲ್ಲದೆ, ಕೆಲವು ಮೈಕ್ರಾನ್ ಆಳದವರೆಗೆ ಖನಿಜವು ಕರಗಿ ಕೊಲಾಜನ್ನಿನ ಬರಿಯ ಜಾಲವು ಉಳಿಯುತ್ತದೆ. ಆ ಜಾಲದೊಳಕ್ಕೆ ರಾಳವು ಇಳಿದು ಗಟ್ಟಿಯಾದರೆ, ಅರ್ಧ ಹಲ್ಲು ಅರ್ಧ ಪ್ಲಾಸ್ಟಿಕ್ಕು ಎನ್ನಬಹುದಾದ ಹೊಸದೊಂದು ಪದರವು ಹುಟ್ಟುತ್ತದೆ. ಇದನ್ನೇ ‘ಮಿಶ್ರ ಪದರ’ ಎನ್ನೋಣ. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್ ಇದ್ದರೆ, ಈ ಪದರದ ದಪ್ಪವು ಐದು ಮೈಕ್ರಾನನ್ನು ಮೀರುವುದು ಅಪರೂಪ. ಇಡೀ ತೇಪೆಯ ಭಾರವನ್ನು ಹೊರುವುದು ಇದೇ.

ತೇವ ಎಷ್ಟಿರಬೇಕು?

ಹೊಸ ಜ್ಞಾನವು ಹೊಸ ಕಷ್ಟವನ್ನೂ ತೋರಿಸಿತು. ಖನಿಜದ ಆಸರೆ ತಪ್ಪಿದ ಕೊಲಾಜನ್ ಜಾಲವು ನೀರಿನ ಆಸರೆಯಿಂದ ಮಾತ್ರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಆಮ್ಲ ತೊಳೆದ ಮೇಲೆ ಗಾಳಿಯೂದಿ ಪೂರ್ಣವಾಗಿ ಒಣಗಿಸಿದರೆ, ನೀರಿನಿಂದ ತೆಗೆದಿಟ್ಟ ಹತ್ತಿಯಂತೆ ಅದು ಮುದುಡಿ ಅಂಟಿಕೊಳ್ಳುತ್ತದೆ; ರಾಳಕ್ಕೆ ಒಳಗೆ ಹೋಗಲು ದಾರಿಯಿರುವುದಿಲ್ಲ. ೧೯೯೦ರ ದಶಕದ ಆರಂಭದಲ್ಲಿ ಅಮೇರಿಕಾದ ಜಾನ್ ಕಾಂಕಾ ಮೊದಲಾದವರು ಡೆಂಟಿನ್ನನ್ನು ತುಸು ತೇವವಾಗಿಯೇ ಉಳಿಸಿ ಅಂಟು ಹಚ್ಚಿದರೆ ಬಲವು ಹೆಚ್ಚುವುದೆಂದು ತೋರಿಸಿದರು.

ಗಾರೆಯವನು ಇಟ್ಟಿಗೆಯ ಗೋಡೆಗೆ ಗಿಲಾವು ಹಾಕುವ ಮುನ್ನ ನೀರು ಚಿಮುಕಿಸುವುದನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು. ಗೋಡೆ ಒಣಗಿದ್ದರೂ ಗಿಲಾವು ಹಿಡಿಯದು. ನೀರು ಇಳಿಯುತ್ತಿದ್ದರೂ ಹಿಡಿಯದು. ಡೆಂಟಿನ್ನಿನ ಮೇಲೆ ನೀರು ನಿಂತರೆ ರಾಳವು ತೆಳುವಾಗಿ, ಎಣ್ಣೆ ನೀರುಗಳಂತೆ ಬೇರೆಬೇರೆಯಾಗುತ್ತದೆ. ಆದುದರಿಂದ ಅಂಟಿನ ಮುಂಚೆ ಪ್ರೈಮರ್ ಎಂಬ ಇನ್ನೊಂದು ದ್ರವವನ್ನು ಹಚ್ಚುವ ಪದ್ಧತಿ ಬಂದಿತು. ಅದರ ಅಣುವಿನ ಒಂದು ತುದಿಗೆ ನೀರು ಪ್ರಿಯ; ಇನ್ನೊಂದು ತುದಿಗೆ ರಾಳವು ಪ್ರಿಯ. ಅದನ್ನು ಮದ್ಯಸಾರ ಅಥವಾ ಅಸಿಟೋನಿನಲ್ಲಿ ಕರಗಿಸಿರುತ್ತಾರೆ. ಈ ದ್ರವಗಳು ಆವಿಯಾಗುವಾಗ ನೀರನ್ನೂ ಜೊತೆಗೆ ಕರೆದೊಯ್ಯುತ್ತವೆ. ನೀರು ಬಿಟ್ಟ ಸ್ಥಳವನ್ನು ರಾಳವು ಹಿಡಿಯುತ್ತದೆ.

ಕೊನೆಗೆ ನೀಲಿ ಬೆಳಕನ್ನು ಹಾಯಿಸಿ ರಾಳವನ್ನು ಗಟ್ಟಿಗೊಳಿಸುತ್ತಾರೆ. ಬೆಳಕನ್ನು ಹೀರಿ ಈ ಕ್ರಿಯೆಯನ್ನು ಪ್ರಾರಂಭಿಸುವ ವಸ್ತುಗಳಲ್ಲಿ ಬಹು ಪ್ರಸಿದ್ಧವಾದುದು ಕ್ಯಾಂಫರ್‌ಕ್ವಿನೋನ್. ನಾವು ದೇವರಿಗೆ ಬೆಳಗುವ ಕರ್ಪೂರದಿಂದಲೇ ಪಡೆಯಬಹುದಾದ ಹಳದಿ ಪುಡಿಯಿದು. ಇಂದಿನ ಒಳ್ಳೆಯ ಅಂಟುಗಳಲ್ಲಿ ೨೦ ಮೆಗಾಪಾಸ್ಕಲ್ ಅಥವಾ ಅದಕ್ಕಿಂತ ಹೆಚ್ಚು ಬಲವು ಕಂಡುಬರುತ್ತದೆ. ಒಂದು ಚದರ ಮಿಲಿಮೀಟರು ಬೆಸುಗೆಯಿಂದ ಸುಮಾರು ೨ ಕಿಲೋಗ್ರಾಂ ತೂಕವನ್ನು ತೂಗುಹಾಕಬಹುದೆಂದು ಇದರ ಅರ್ಥ. ಇಷ್ಟು ಬಲವು ಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. ಕಾಂಪೊಜಿಟ್ ಗಟ್ಟಿಯಾಗುವಾಗ ಅದರ ಗಾತ್ರವು ೨ರಿಂದ ೩ ಪ್ರತಿಶತದಷ್ಟು ಕುಗ್ಗಿ, ಹೊಸ ಬೆಸುಗೆಯನ್ನು ಒಳಕ್ಕೆ ಜಗ್ಗುತ್ತದೆ. ಆದುದರಿಂದಲೇ ಜಾಣ ವೈದ್ಯರು ಕುಳಿಯನ್ನು ಒಮ್ಮೆಗೇ ತುಂಬದೆ, ಸುಮಾರು ಎರಡು ಮಿಲಿಮೀಟರಿನ ಪದರಗಳಲ್ಲಿ ತುಂಬುತ್ತಾರೆ.

ಬಲ ಬೇರೆ, ಬಾಳಿಕೆ ಬೇರೆ

ಇಲ್ಲಿಗೆ ಕೆಲಸವು ಮುಗಿಯಿತೆಂದು ತೋರಬಹುದು. ಹಾಗಿಲ್ಲ. ೧೯೯೪ರಲ್ಲಿ ಸಾನೊ ಎಂಬ ಜಪಾನಿ ಸಂಶೋಧಕರೂ ಸಂಗಡಿಗರೂ, ಕಿತ್ತ ಹಲ್ಲನ್ನು ತೇಪೆಯೊಡನೆ ಸಣ್ಣ ಸಣ್ಣ ತುಂಡುಗಳಾಗಿ ಕೊಯ್ದು, ಪ್ರತಿಯೊಂದನ್ನೂ ಎಳೆದು ಬಲವನ್ನು ಅಳೆಯುವ ಪರೀಕ್ಷೆಯನ್ನು ರೂಪಿಸಿದರು. ಈಗ ಇಂತಹ ತುಂಡುಗಳ ಅಡ್ಡಕೊಯ್ತವು ಸುಮಾರು ಒಂದು ಚದರ ಮಿಲಿಮೀಟರು ಇರುತ್ತದೆ. ಕೆಲವನ್ನು ಮರುದಿನವೇ ಎಳೆಯುತ್ತಾರೆ. ಕೆಲವನ್ನು ಶರೀರದ ಉಷ್ಣತೆಯಾದ ೩೭ ಡಿಗ್ರಿಯ ನೀರಿನಲ್ಲಿ ಆರು ತಿಂಗಳೋ ವರ್ಷವೋ ಇಟ್ಟು ಎಳೆಯುತ್ತಾರೆ. ಕೆಲವನ್ನು ೫ ಮತ್ತು ೫೫ ಡಿಗ್ರಿಯ ನೀರುಗಳಲ್ಲಿ ಸಾವಿರಾರು ಸಲ ಅದ್ದಿ ತೆಗೆಯುತ್ತಾರೆ. ಮೊದಲ ದಿನ ಬಹು ಬಲವಾಗಿದ್ದ ಅಂಟುಗಳಲ್ಲಿ ಕೆಲವು, ವರ್ಷ ಕಳೆಯುವಷ್ಟರಲ್ಲಿ ಬಹಳ ಸೊರಗಿದ್ದುದು ಇಂತಹ ಪರೀಕ್ಷೆಗಳಿಂದ ತಿಳಿದುಬಂದಿತು. ಮೊದಲ ದಿನದ ಬಲವನ್ನು ನೋಡಿ ಬಾಳಿಕೆಯನ್ನು ಹೇಳಲಾಗದು.

ಇದಕ್ಕೆ ಕಾರಣಗಳು ಎರಡು. ನೀರು ಮೊದಲನೆಯದು. ನೀರಿಗೆ ಒಲಿಯುವ ರಾಳಗಳು ಅಂಟಿಸುವಾಗ ಉಪಕಾರಿಗಳು. ಆದರೆ ಅದೇ ಗುಣದಿಂದ ಮುಂದೆಯೂ ನೀರನ್ನು ಹೀರುತ್ತ ಇರುತ್ತವೆ. ವರ್ಷಗಳು ಕಳೆದಂತೆ ನೀರು ರಾಳದ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ.

ಎರಡನೆಯ ಕಾರಣವು ಇನ್ನೂ ಆಶ್ಚರ್ಯಕರವಾದುದು. ಆಮ್ಲವು ಹೋದಷ್ಟು ಆಳಕ್ಕೆ ರಾಳವು ಹೋಗದಿದ್ದರೆ, ಮಿಶ್ರ ಪದರದ ತಳದಲ್ಲಿ ಕೊಲಾಜನ್ ನಾರುಗಳು ಬರಿದಾಗಿ ಉಳಿಯುತ್ತವೆ. ಮುಂಬಯಿಯ ಹಳೆಯ ಕಟ್ಟಡಗಳ ಸಜ್ಜಾಗಳಲ್ಲಿ ಕಾಂಕ್ರೀಟು ಉದುರಿ ಸರಳುಗಳು ಬಯಲಾಗಿರುವುದನ್ನು ನೀವು ಕಂಡಿರಬಹುದು. ಸಮುದ್ರದ ಗಾಳಿಗೆ ತುಕ್ಕು ಹಿಡಿದು ಅವು ಸವೆಯುವಂತೆ, ಬರಿಯ ಕೊಲಾಜನ್ನೂ ಸವೆಯುತ್ತದೆ. ಅದನ್ನು ತಿನ್ನುವ ಕಿಣ್ವಗಳಾದರೋ ಹೊರಗಿನಿಂದಲೇ ಬರಬೇಕಾಗಿಲ್ಲ. ಡೆಂಟಿನ್ನಿನೊಳಗೇ ಖನಿಜದ ನಡುವೆ ನಿದ್ರಿಸುತ್ತಿರುತ್ತವೆ. ಆಮ್ಲದ ಸ್ಪರ್ಶವು ಅವುಗಳನ್ನು ಎಚ್ಚರಿಸುತ್ತದೆ. ಅಮೇರಿಕಾದ ಡೇವಿಡ್ ಪಾಶ್ಲೆ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಸಾಕ್ಷಿ. ಖನಿಜವನ್ನು ತೆಗೆದ ಡೆಂಟಿನ್ನನ್ನು ಅವರು ಸೂಕ್ಷ್ಮಜೀವಿಗಳಿಲ್ಲದ ಕೃತಕ ಉಗುಳಿನಲ್ಲಿ ೨೫೦ ದಿನ ಇಟ್ಟರು. ಕೊಲಾಜನ್ ಪದರವು ಬಹುತೇಕ ನಾಶವಾಗಿತ್ತು. ಕಿಣ್ವಗಳನ್ನು ತಡೆಯುವ ಮದ್ದು ಬೆರೆಸಿದ ದ್ರವದಲ್ಲಿಟ್ಟದ್ದು ಹಾಗೆಯೇ ಉಳಿದಿತ್ತು.

ಬಾಳಿಕೆಯ ಉಪಾಯಗಳು

ಕಾರಣವು ತಿಳಿದ ಮೇಲೆ ಉಪಾಯಗಳೂ ಹೊಳೆದವು.

ಮೊದಲನೆಯದು, ಕಿಣ್ವಗಳನ್ನು ಕಟ್ಟಿಹಾಕುವುದು. ಬಾಯಿ ಮುಕ್ಕಳಿಸುವ ಔಷಧಗಳಲ್ಲಿ ಬಳಸುವ ಕ್ಲೋರ್‌ಹೆಕ್ಸಿಡೀನ್ ಎಂಬುದಕ್ಕೆ ಈ ಶಕ್ತಿಯುಂಟು. ಆಮ್ಲವನ್ನು ತೊಳೆದ ಮೇಲೆ ಅದರ ೨ ಪ್ರತಿಶತ ದ್ರಾವಣವನ್ನು ಸವರಿ, ಬಳಿಕ ಅಂಟು ಹಚ್ಚುತ್ತಾರೆ. ೨೦೦೭ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೧೪ ತಿಂಗಳು ಬಾಯಲ್ಲಿದ್ದ ಬೆಸುಗೆಗಳನ್ನು ಪರೀಕ್ಷಿಸಿದಾಗ, ಸಾಮಾನ್ಯ ಬೆಸುಗೆಯು ಸುಮಾರು ಮೂರರಲ್ಲೊಂದು ಪಾಲು ಬಲವನ್ನು ಕಳೆದುಕೊಂಡಿತ್ತು. ಕ್ಲೋರ್‌ಹೆಕ್ಸಿಡೀನ್ ಸವರಿದ್ದು ಹೆಚ್ಚು ಕಡಿಮೆ ಮೊದಲಿನಂತೆಯೇ ಇತ್ತು. ಆದರೆ ಈ ಔಷಧವು ಕಾಲಕ್ರಮದಲ್ಲಿ ಸೋರಿಹೋಗುವುದರಿಂದ ಇದೊಂದೇ ಶಾಶ್ವತ ಪರಿಹಾರವಾಗಲಾರದು.

ಎರಡನೆಯದು, ಕೊಲಾಜನ್ನನ್ನೇ ಹದಮಾಡುವುದು. ಹಸಿಯ ತೊಗಲು ಕೊಳೆಯುತ್ತದೆ. ಹದಮಾಡಿದ ತೊಗಲು ವರ್ಷಗಟ್ಟಲೆ ಬಾಳುತ್ತದೆ. ನಮ್ಮ ನಾಡಿನಲ್ಲಿ ತಂಗಡಿ ಅಥವಾ ಆವರಿಕೆ ಗಿಡದ ತೊಗಟೆಯಿಂದ ತೊಗಲನ್ನು ಹದಮಾಡುವ ವೃತ್ತಿಯು ಬಹು ಹಳೆಯದು. ತೊಗಟೆಯ ಒಗರು ಕೊಲಾಜನ್ ನಾರುಗಳ ನಡುವೆ ಅಡ್ಡ ಕೊಂಡಿಗಳನ್ನು ಹಾಕುತ್ತದೆ. ಚರ್ಮದ ಕೊಲಾಜನ್ನೂ ಡೆಂಟಿನ್ನಿನ ಕೊಲಾಜನ್ನೂ ಒಂದೇ ಜಾತಿಯವಾದುದರಿಂದ, ದ್ರಾಕ್ಷಿಬೀಜದಿಂದ ತೆಗೆದ ಅಂತಹದೇ ಒಗರನ್ನು ವಿಜ್ಞಾನಿಗಳು ಹಲ್ಲಿನ ಮೇಲೆ ಪರೀಕ್ಷಿಸಿದ್ದಾರೆ. ನಾರುಗಳು ಗಟ್ಟಿಯಾಗಿ, ಕಿಣ್ವಗಳಿಗೆ ಸುಲಭವಾಗಿ ಬಲಿಯಾಗವು. ಕಂದು ಬಣ್ಣ ಬರುವುದು, ಹೆಚ್ಚು ಹೊತ್ತು ಸವರಬೇಕಾಗುವುದು ಎಂಬ ಅಡ್ಡಿಗಳಿಂದಾಗಿ ಇದು ಇನ್ನೂ ದಿನಬಳಕೆಗೆ ಬಂದಿಲ್ಲ. ಊರ ತೊಗಲುಗೆಲಸದವರ ಜ್ಞಾನವೂ ಪ್ರಯೋಗಶಾಲೆಯ ಜ್ಞಾನವೂ ಒಂದೇ ರಸಾಯನಶಾಸ್ತ್ರಕ್ಕೆ ಸೇರಿದವೆಂಬುದನ್ನು ಇಲ್ಲಿ ನೆನೆಯಬೇಕು.

ಮೂರನೆಯದು, ಕೊಲಾಜನ್ ಬರಿದಾಗದಂತೆಯೇ ನೋಡಿಕೊಳ್ಳುವುದು. ಇದಕ್ಕಾಗಿ ಆಮ್ಲವನ್ನು ಬೇರೆಯಾಗಿ ಹಚ್ಚಿ ತೊಳೆಯದೆ, ರಾಳದ ಅಣುವಿಗೇ ಆಮ್ಲದ ಗುಣವನ್ನು ಕೊಟ್ಟರು. ಈ ರಾಳವು ತಾನೇ ಕೊರೆಯುತ್ತ ತಾನೇ ತುಂಬುತ್ತ ಹೋಗುವುದರಿಂದ, ಕೊರೆದ ಆಳಕ್ಕೂ ತುಂಬಿದ ಆಳಕ್ಕೂ ಅಂತರವು ಬಹಳ ಕಡಿಮೆ. ಜಪಾನಿನಲ್ಲಿ ಸಿದ್ಧವಾದ ಎಂ.ಡಿ.ಪಿ. ಎಂಬ ಅಣುವು ಇವುಗಳಲ್ಲಿ ಪ್ರಸಿದ್ಧವಾದುದು. ಸೌಮ್ಯ ಆಮ್ಲವಾದ ಇದು ಖನಿಜವನ್ನು ಪೂರ್ಣವಾಗಿ ಕರಗಿಸದೆ, ಅದರ ಕ್ಯಾಲ್ಸಿಯಮ್ಮಿನೊಡನೆ ಸೇರಿ ನೀರಿನಲ್ಲಿ ಸುಲಭವಾಗಿ ಕರಗದ ಲವಣವಾಗುತ್ತದೆ; ಸುಮಾರು ೪ ನ್ಯಾನೋಮೀಟರ್ ದಪ್ಪದ ಹಾಳೆಗಳಂತೆ ಒಂದರ ಮೇಲೊಂದು ನೆಲೆಸುತ್ತದೆ. ಇಲ್ಲಿ ಬರಿಯ ಬೇರುಗಳ ಹಿಡಿತವಲ್ಲದೆ ರಾಸಾಯನಿಕ ಬಂಧವೂ ಇದೆ. ಗಟ್ಟಿಯಾದ ಎನಾಮಲಿಗೆ ಮಾತ್ರ ಈ ಸೌಮ್ಯತೆ ಸಾಲದು. ಆದುದರಿಂದ ಎನಾಮಲಿನ ಅಂಚಿಗಷ್ಟೇ ಮೊದಲು ಫಾಸ್ಫಾರಿಕ್ ಆಮ್ಲವನ್ನು ಸವರಿ, ಡೆಂಟಿನ್ನನ್ನು ಈ ರಾಳಕ್ಕೆ ಬಿಡುವ ಕ್ರಮವನ್ನು ಅನೇಕರು ಅನುಸರಿಸುತ್ತಾರೆ.

ನಾಲ್ಕನೆಯದು, ಮೇಲೊಂದು ಕೊಡೆ ಹಿಡಿಯುವುದು. ನೀರಿಗೆ ಒಲಿಯುವ ಪದರದ ಮೇಲೆ ನೀರನ್ನು ಒಲ್ಲದ ರಾಳದ ಇನ್ನೊಂದು ಪದರವನ್ನು ಹಚ್ಚಿದರೆ ನೀರಿನ ನುಸುಳುವಿಕೆಯು ತಗ್ಗುತ್ತದೆ. ಎಲ್ಲವನ್ನೂ ಒಂದೇ ಸೀಸೆಯಲ್ಲಿ ಸೇರಿಸಿ ಒಂದೇ ಸಲಕ್ಕೆ ಹಚ್ಚುವ ಮೊದಮೊದಲಿನ ಅಂಟುಗಳಿಗಿಂತ, ಎರಡು ಹಂತಗಳಲ್ಲಿ ಹಚ್ಚುವ ಈ ಅಂಟುಗಳು ಹೆಚ್ಚು ಬಾಳಿದುದು ಆಶ್ಚರ್ಯವಲ್ಲ. ಇದಲ್ಲದೆ, ಬರಿದಾದ ಕೊಲಾಜನ್ನಿನ ನಡುವೆ ಮರಳಿ ಖನಿಜವನ್ನು ಬೆಳೆಸುವ ಪ್ರಯತ್ನವೂ ಪ್ರಯೋಗಶಾಲೆಗಳಲ್ಲಿ ನಡೆದಿದೆ.

ಕೈಗೆಲಸದ ಪಾತ್ರ

ಇಷ್ಟೆಲ್ಲ ವಿದ್ಯೆಯಿದ್ದರೂ ಕೊನೆಯ ಮಾತು ಕೈಗೆಲಸದ್ದೇ. ತೇಪೆ ಹಾಕುವ ಹಲ್ಲಿನ ಸುತ್ತ ರಬ್ಬರಿನ ತೆಳುಹಾಳೆಯನ್ನು ಹೊದಿಸಿ ಉಗುಳನ್ನು ದೂರವಿಡುವುದು. ಡೆಂಟಿನ್ನಿನ ಮೇಲೆ ಆಮ್ಲವನ್ನು ೧೫ ಸೆಕೆಂಡಿಗಿಂತ ಹೆಚ್ಚು ಬಿಡದಿರುವುದು. ಅಂಟನ್ನು ಸುಮ್ಮನೆ ಸವರದೆ ಸಣ್ಣ ಕುಂಚದಿಂದ ತಿಕ್ಕಿ ಹಚ್ಚುವುದು. ಅದರ ದ್ರವವು ಆರುವಂತೆ ಮೆಲ್ಲನೆ ಗಾಳಿಯೂದುವುದು. ಬೆಳಕನ್ನು ಹತ್ತಿರದಿಂದ, ಹೇಳಿದಷ್ಟು ಹೊತ್ತು ಹಿಡಿಯುವುದು. ಇವು ಯಾವುವೂ ದುಬಾರಿ ಕೆಲಸಗಳಲ್ಲ. ಇವಕ್ಕೆ ಬೇಕ���ದುದು ತಾಳ್ಮೆ. ಆದುದರಿಂದ ವೈದ್ಯರ ಕುರ್ಚಿಯಲ್ಲಿ ಕುಳಿತಾಗ ‘ಇನ್ನೂ ಎಷ್ಟು ಹೊತ್ತು?’ ಎಂದು ಚಡಪಡಿಸದೆ, ಬಾಯಿಯನ್ನು ಅಗಲವಾಗಿ ತೆರೆದು ಸುಮ್ಮನಿರುವುದು ನಮ್ಮ ಪಾಲಿನ ಸಹಕಾರ. ಆ ಎರಡು ನಿಮಿಷಗಳ ಮೇಲೆ ಮುಂದಿನ ಹಲವು ವರ್ಷಗಳು ನಿಂತಿರುತ್ತವೆ.

ಎಷ್ಟೇ ಒಳ್ಳೆಯ ಬೆಸುಗೆಯಾದರೂ ಹುಟ್ಟಿನಿಂದ ಬಂದ ಹಲ್ಲಿಗೆ ಸಮನಾಗದು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜುವುದು, ಸಿಹಿಯನ್ನು ದಿನವಿಡೀ ಮೆಲ್ಲದೆ ಊಟದ ಜೊತೆಗೆ ಮಾತ್ರ ತಿನ್ನುವುದು, ನೋವು ಬರುವವರೆಗೆ ಕಾಯದೆ ವೈದ್ಯರಿಗೆ ತೋರಿಸುವುದು ಇವೇ ಮೊದಲನೆಯ ರಕ್ಷೆ. ಕುಳಿಯು ಚಿಕ್ಕದಾಗಿದ್ದಾಗಲೇ ತುಂಬಿಸಿದರೆ ಬೆಸುಗೆಗೆ ಸುತ್ತಲೂ ಎನಾಮಲಿನ ಅಂಚು ದೊರೆಯುತ್ತದೆ; ಡೆಂಟಿನ್ನಿನ ಒದ್ದೆಯಾದ ಆಳವೂ ದೂರವುಳಿಯುತ್ತದೆ. ಬಲಕ್ಕೂ ಬಾಳಿಕೆಗೂ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಹಾಗರ್ ಅವರ ೧೯೪೯ರ ಪ್ರಯತ್ನದಿಂದ ಇಂದಿನವರೆಗೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, ಕೂದಲಿನ ದಪ್ಪದ ಹದಿನಾಲ್ಕರಲ್ಲೊಂದು ಪಾಲೂ ಇಲ್ಲದ ಒಂದು ಪದರಕ್ಕಾಗಿ ಹಲವು ದೇಶಗಳ ವಿದ್ವಾಂಸರು ದುಡಿದಿದ್ದಾರೆ. ಕೆಲಸವು ಇನ್ನೂ ಮುಗಿದಿಲ್ಲ. ಡೆಂಟಿನ್ನಿಗೆ ಜೀವಮಾನವಿಡೀ ಬಿಡದೆ ಅಂಟುವ ಬೆಸುಗೆಯನ್ನು ಇನ್ನೂ ಯಾರೂ ಮಾಡಿಲ್ಲ. ಇಂದು ನಮ್ಮ ಶಾಲೆಯ ಬೆಂಚುಗಳಲ್ಲಿ ಕುಳಿತು ಆಮ್ಲ, ಕ್ಷಾರ, ಲವಣಗಳ ಪಾಠವನ್ನು ಕನ್ನಡದಲ್ಲಿ ಓದುತ್ತಿರುವವರಲ್ಲಿ ಯಾರಾದರೂ ಮುಂದೆ ಈ ಕೆಲಸಕ್ಕೆ ಕೈಹಾಕಿದರೆ ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷ ಬೇರೊಂದಿಲ್ಲ.